ಬುದ್ಧಿ ಕದಡಿದಾಗ ಹೊಣೆ ಯಾರದು?



ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಹಿರಿಯರೊಬ್ಬರನ್ನು ಕಲ್ಪಿಸಿಕೊಳ್ಳಿರಿ. ಮಿತಭಾಷಿಗಳು, ಪರರ ಕಾಸಿಗೆ ಕೈಚಾಚಿದವರಲ್ಲ. ಅರವತ್ತು ದಾಟಿದ ಮೇಲೆ ಅವರು ಬೀದಿಯಲ್ಲಿ ನಿಂತು ಬೈಯತೊಡಗುತ್ತಾರೆ. ಅಂಗಡಿಯ ವಸ್ತುವನ್ನು ಹಣ ಕೊಡದೆ ಎತ್ತಿಕೊಂಡು ಬರುತ್ತಾರೆ. ಹಳಿಯಾಳದ ಇನ್ನೊಂದು ಮನೆಯಲ್ಲಿ ಅತ್ತೆಯವರು, ಮಗಳಂತೆ ಕಂಡ ಸೊಸೆಯ ಮೇಲೆಯೇ ಬಂಗಾರದ ಕಳವು ಹೊರಿಸುತ್ತಾರೆ. ಉಂಡ ಸ್ವಲ್ಪ ಹೊತ್ತಿಗೆ ಊಟವನ್ನೇ ಹಾಕಲಿಲ್ಲವೆಂದು ನೆರೆಯವರಲ್ಲಿ ದೂರುತ್ತಾರೆ. ಮುಪ್ಪಿನಲ್ಲಿ ನಿಜಬಣ್ಣ ಹೊರಬಿತ್ತೆಂದು ಊರು ತೀರ್ಪು ಕೊಡುತ್ತದೆ. ಈ ತೀರ್ಪು ನ್ಯಾಯವೇ?

ನಾವು ಶೀಲವೆಂದು ಕರೆಯುವ ಗುಣವು ದೇಹದ ನೆರವಿಲ್ಲದೆ ಪ್ರಕಟವಾಗದು. 1848ರಲ್ಲಿ ಅಮೆರಿಕೆಯ ವರ್ಮಾಂಟ್ ಪ್ರಾಂತದಲ್ಲಿ ರೈಲುಹಾದಿಯ ಕೆಲಸಗಾರರ ಮೇಸ್ತ್ರಿ ಫಿನಿಯಾಸ್ ಗೇಜ್ ಎಂಬವನ ಕೆನ್ನೆಯಿಂದ ನೆತ್ತಿಯವರೆಗೆ ಕಬ್ಬಿಣದ ಸರಳೊಂದು ತೂರಿಹೋಯಿತು. ಅವನು ಬದುಕಿದನು, ಆದರೆ ಸಂಯಮಿಯಾಗಿದ್ದವನು ಒರಟನೂ ಚಂಚಲನೂ ಆದನೆಂದು ಅವನ ವೈದ್ಯರು ಬರೆದಿಟ್ಟರು. ಹಣೆಯ ಹಿಂದಿರುವ ಮಿದುಳಿನ ಭಾಗವು ನಮ್ಮ ಆವೇಗಗಳಿಗೆ ಕಡಿವಾಣವಾಗಿದೆ. ಅದು ಸವೆದಾಗ ಸಂಕೋಚ ಅಳಿಯುತ್ತದೆ. ನೆನಪಿನ ಭಾಗ ಸವೆದಾಗ, ತಾನೇ ಬಚ್ಚಿಟ್ಟ ಒಡವೆ ಪರರು ಕದ್ದಂತೆ ತೋರುತ್ತದೆ. ಅಂತಹ ಒಂದು ರೋಗವನ್ನು ಆಲ್ಜೈಮರ್ ಎಂಬ ಜರ್ಮನ್ ವೈದ್ಯರು 1906ರಲ್ಲಿ ವಿವರಿಸಿದರು. ಅತ್ತೆಯವರ ಮಾತು ದ್ವೇಷದಿಂದ ಹುಟ್ಟಿದ್ದಲ್ಲ. ಅವರ ಪಾಲಿಗೆ ಅದು ನಿಜವಾದ ಭಯ.

ಹಾಗಾದರೆ ಎಲ್ಲ ತಪ್ಪನ್ನೂ ಮಿದುಳಿನ ಮೇಲೆ ಹೊರಿಸಿ ಕೈತೊಳೆದುಕೊಳ್ಳಬಹುದೇ ಎಂದು ನೀವು ಕೇಳಬಹುದು. ಸಲ್ಲದು. ತಿಳಿದೂ ಕೆಡುಕು ಮಾಡುವವನಿಗೆ ರೋಗದ ಮರೆ ದೊರೆಯಬಾರದು. ಕಾನೂನೂ ಈ ಭೇದವನ್ನು ಕಾಣುತ್ತದೆ: ಬುದ್ಧಿಸ್ವಾಸ್ಥ್ಯವಿಲ್ಲದ ಕಾರಣ ತನ್ನ ಕೃತ್ಯದ ಸ್ವರೂಪವನ್ನಾಗಲಿ, ಅದು ತಪ್ಪೆಂಬುದನ್ನಾಗಲಿ ಅರಿಯಲಾರದವನ ಕೃತ್ಯ ಅಪರಾಧವಲ್ಲ ಎಂದು 1860ರ ದಂಡಸಂಹಿತೆ ಹೇಳಿತ್ತು, 2023ರ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ಹೊಣೆ ಅಲ್ಲಿಗೆ ಮುಗಿಯುವುದಿಲ್ಲ. ರೋಗಿಯು ಹೊರಲಾರದ ಹೊಣೆ, ಬುದ್ಧಿ ನೆಟ್ಟಗಿರುವ ನಮ್ಮ ಹೆಗಲಿಗೆ ಬರುತ್ತದೆ.

ಆ ಹೊಣೆಯ ಮೊದಲ ಭಾಗ ಪರೀಕ್ಷೆ ಮಾಡಿಸುವುದು. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ಬಿ-12 ಜೀವಸತ್ವದ ಕೊರತೆ, ಸಣ್ಣ ಬೀಳಿಕೆಯಿಂದ ತಲೆಬುರುಡೆಯೊಳಗೆ ಮೆಲ್ಲನೆ ಸೇರಿದ ರಕ್ತ, ಸೋಂಕು, ಕೆಲವು ಔಷಧಿಗಳು ಕೂಡ ಬುದ್ಧಿಯನ್ನು ಕದಡಬಲ್ಲವು, ಇವಕ್ಕೆ ಚಿಕಿತ್ಸೆಯುಂಟು. ಗಾಳಿ ಸೋಕಿತೆಂದು ತಿಂಗಳುಗಟ್ಟಲೆ ಕಾದರೆ ಗುಣವಾಗುವ ಕಾಲ ಮೀರೀತು. "ಧಾರವಾಡಕ್ಕೆ ಕಳಿಸಬೇಕು" ಎಂಬ ಮಾತನ್ನು ನಮ್ಮ ಕಡೆ ಹಾಸ್ಯಕ್ಕೆ ಬಳಸುವವರುಂಟು. 1845ರಲ್ಲಿ ಆರಂಭವಾದ ಅಲ್ಲಿಯ ಮಾನಸಿಕ ಆಸ್ಪತ್ರೆ ಇಂದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯಾಗಿದೆ. ಜೋಯಿಡಾದ ಕಾಡಿನ ಹಳ್ಳಿಯವರಾಗಲಿ ಮುಂಡಗೋಡದವರಾಗಲಿ ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಎರಡನೆಯದು, ಗುಣವಾಗದ ರೋಗದೊಡನೆ ಬಾಳುವುದು. ವಾದಿಸಿ ಗೆಲ್ಲಲು ಹೋಗದಿರಿ. ಒಡವೆಯನ್ನು ಜೊತೆಗೂಡಿ ಹುಡುಕಿರಿ. ಅಂಗಡಿಯವರಿಗೆ ವಿಷಯ ತಿಳಿಸಿ ಲೆಕ್ಕ ತೀರಿಸಿರಿ. ಕೈಗೆ ಆಗುವ ಕೆಲಸವನ್ನು ಕಸಿಯದಿರಿ. ಗೇಜ್ ಮುಂದೆ ಚಿಲಿ ದೇಶದಲ್ಲಿ ಹಲವು ವರ್ಷ ಕುದುರೆಬಂಡಿ ನಡೆಸಿದನು. ನಿಯತವಾದ ಆ ದುಡಿಮೆಯೇ ಅವನನ್ನು ಬಹುಮಟ್ಟಿಗೆ ಸರಿಪಡಿಸಿರಬೇಕೆಂದು ಕೆಲವು ವಿದ್ವಾಂಸರು ಭಾವಿಸುತ್ತಾರೆ. ಕಾಯಕದ ಮಹತ್ವವನ್ನು ಬಲ್ಲ ನಮಗೆ ಇದು ಹೊಸದಲ್ಲ.

ಕಡೆಯದಾಗಿ, ಆ ಸೊಸೆಯನ್ನು ನೆನೆಯಿರಿ. ಕಳ್ಳಿಯೆನಿಸಿಕೊಂಡೂ ತುತ್ತುಣಿಸುವವಳು ಅವಳು. ವಾರಕ್ಕೊಮ್ಮೆ ಎರಡು ತಾಸು ಆ ಮನೆಯಲ್ಲಿ ಕುಳಿತು ಅವಳಿಗೆ ಬಿಡುವು ಕೊಡುವುದೂ ದಾಸೋಹವೇ. ತೀರ್ಪು ಕೊಡುವ ಮುನ್ನ ಆ ಹೊಸ್ತಿಲು ದಾಟಿ ನೋಡಿರಿ.