ಬಾಯಿಲ್ಲದ ಜೀವದ ಪರವಾಗಿ

ಕೆ.ಆರ್. ಪುರಂ ಕಡೆಯಿಂದ ಬರುವಾಗ ಟಿನ್ ಫ್ಯಾಕ್ಟರಿ ಹತ್ತಿರ ಗಾಡಿ ಹರಿದು ಬಿದ್ದಿದ್ದ ಕಂದು ನಾಯಿಯೊಂದನ್ನು ಗೋಣಿಚೀಲದಲ್ಲಿ ಎತ್ತಿಕೊಂಡು ಆಟೋ ಹತ್ತಿದೆ. ಹಿಂಗಾಲು ಎರಡೂ ಜೋತುಬಿದ್ದಿದ್ದವು. “ನೋಡಕ್ಕಾಗಲ್ಲ ಸಾರ್, ಒಂದು ಇಂಜೆಕ್ಷನ್ ಕೊಡಿಸ್ಬಿಡಿ, ಪುಣ್ಯ ಬರುತ್ತೆ” ಎಂದ ಆಟೋದವನು. ಪಶು ಆಸ್ಪತ್ರೆಯಲ್ಲಿ ವೈದ್ಯರು ಚಿಮಟದಿಂದ ಹಿಂಗಾಲಿನ ಬೆರಳನ್ನು ಬಲವಾಗಿ ಹಿಸುಕಿದರು. ಕಾಲು ಸರಕ್ಕನೆ ಹಿಂದೆ ಸರಿಯಿತು. ಅದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ನೋವಿನ ಸುದ್ದಿ ಮಿದುಳಿಗೆ ಮುಟ್ಟದೆಯೂ ಕಾಲು ಹಾಗೆ ಸರಿಯಬಲ್ಲದು. ಮತ್ತೆ ಹಿಸುಕಿ, ಈ ಸಲ ನಾಯಿಯ ಮುಖವನ್ನೇ ನೋಡುತ್ತ ನಿಂತರು.

ದಯಾಮರಣ ಎನ್ನುತ್ತೇವೆ. ದಯೆ ಯಾರದು, ಯಾರಿಗಾಗಿ?

ಸಾಬರಮತಿ ಆಶ್ರಮದಲ್ಲಿ ವಾಸಿಯಾಗುವ ಭರವಸೆಯೇ ಇಲ್ಲದೆ ನರಳುತ್ತಿದ್ದ ಕರುವಿಗೆ 1928ರಲ್ಲಿ ಗಾಂಧೀಜಿ ವೈದ್ಯರಿಂದ ಸಾವಿನ ಸೂಜಿಮದ್ದು ಕೊಡಿಸಿದರು. ಅಹಿಂಸೆಯ ಹೆಸರಿನಲ್ಲೇ ಜನ ಅವರ ಮೇಲೆ ಸಿಟ್ಟಾದರು. ಹಿಂಸೆ ಇರುವುದು ಸ್ವಾರ್ಥದಲ್ಲಿ, ಕೋಪದಲ್ಲಿ; ಬೇರೆ ದಾರಿಯಿಲ್ಲದಾಗ ಆ ಜೀವದ ಒಳಿತಿಗೆಂದೇ ಮಾಡಿದ್ದು ಹಿಂಸೆಯಲ್ಲ ಎಂಬುದು ಅವರ ವಾದ. ನಾನು ಅದನ್ನು ಒಪ್ಪುತ್ತೇನೆ, ಆದರೆ ಅಂಜುತ್ತಲೇ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳಲ್ಲಿ ಸಲ್ಲೇಖನದಿಂದ, ಅಂದರೆ ಉಪವಾಸ ವ್ರತದಿಂದ, ದೇಹ ಬಿಟ್ಟ ಜೈನರ ಹೆಸರುಗಳಿವೆ. ಅವರು ತಾವೇ ಸಂಕಲ್ಪ ತೊಟ್ಟವರು. ಕರು, ನಾಯಿಗಳ ಸಂಕಲ್ಪವನ್ನು ನಾವು ತೊಡುತ್ತೇವೆ. ನೋಡಲಾಗದ ನಮ್ಮ ಸಂಕಟ ಅವುಗಳ ಸಂಕಟದ ವೇಷ ಹಾಕಿಕೊಂಡು ಬರುವುದು ಇಲ್ಲಿಯೇ.

ಹಲಸೂರು ಕೆರೆ ಹತ್ತಿರದ ಬೇಕರಿ ಮುಂದೆ ಮೂರು ಕಾಲಿನ ಬಿಳಿ ನಾಯಿಯೊಂದಿತ್ತು. ಕಳೆದುಹೋದ ಕಾಲಿಗೆ ಮರುಗುತ್ತಿದ್ದವರು ಬನ್ನು ಹಾಕುತ್ತಿದ್ದ ನಾವು. ಅದರ ಗಮನವೆಲ್ಲ ಬನ್ನಿನ ಮೇಲೆ. ಏನು ಹೋಯಿತು ಎಂದಲ್ಲ, ಏನು ಉಳಿದಿದೆ ಎಂದು ಕೇಳಬೇಕೆಂದು ನನಗೆ ಅನ್ನಿಸಿದ್ದು ಅದನ್ನು ನೋಡಿ. ಆದರೆ ಈ ಮಾತಿಗೆ ಇನ್ನೊಂದು ಅಲಗೂ ಇದೆ. ‘ನಾಳೆ ಕಡಿಮೆಯಾಗುತ್ತದೆ’ ಎಂದು ನಾವು ಹಲ್ಲು ಕಚ್ಚಿ ತಡೆಯುತ್ತೇವೆ. ನಾಯಿಗೆ ಆ ಸಮಾಧಾನ ಹೇಳುವವರು ಯಾರು? ಗುಣವಾಗದ ನೋವೊಂದೇ ಉಳಿದಿದ್ದರೆ ಅದನ್ನು ಎಳೆಯುತ್ತ ಹೋಗುವುದು ದಯೆಯಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 13ನೇ ಸೆಕ್ಷನ್ ಕೂಡ ಬದುಕಿಸಿಡುವುದೇ ಕ್ರೌರ್ಯವಾದಾಗ ಮಾತ್ರ ಕೊನೆಗಾಣಿಸಲು ಒಪ್ಪುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಬೇರೆ. ಬೆನ್ನುಹುರಿ ತುಂಡಾದ ನಾಯಿಗೆ ದಿನಕ್ಕೆ ಮೂರು ನಾಲ್ಕು ಸಲ ಹೊಟ್ಟೆ ಒತ್ತಿ ಮೂತ್ರ ತೆಗೆಯಬೇಕು, ಹುಣ್ಣಾಗದಂತೆ ಮಗ್ಗುಲು ಬದಲಿಸಬೇಕು. ಇಂದಿರಾನಗರದ ಮನೆಯೊಂದರಲ್ಲಿ ಅದು ವರ್ಷಗಟ್ಟಲೆ ಬಾಳೀತು. ಬೀದಿಯಲ್ಲಿ ಕೆಲವೇ ದಿನಗಳಲ್ಲಿ ಕೊಳೆಯುತ್ತದೆ. ಗಾಯ ಒಂದೇ, ತೀರ್ಪು ಎರಡು. ಹಾಗಾದರೆ ‘ಬದುಕುವುದಿಲ್ಲ’ ಎಂಬ ಮಾತಿನಲ್ಲಿ ಎಷ್ಟು ಭಾಗ ಅದರ ಮೈಯದು, ಎಷ್ಟು ನಮ್ಮ ಊರಿನದು?

ಎರಡನೇ ಸಲ ಹಿಸುಕಿದಾಗ ಕಂದು ನಾಯಿ ಕತ್ತು ತಿರುಗಿಸಿ ವೈದ್ಯರ ಕೈಗೆ ಬಾಯಿ ಹಾಕಿತು. ಅವರು ಹಗುರಾಗಿ ನಕ್ಕರು. ಮುರಿದಿದ್ದು ಸೊಂಟದ ಮೂಳೆ, ಬೆನ್ನುಹುರಿಯಲ್ಲ. ಚೀಟಿ ಬರೆಯುತ್ತಲೇ ನನ್ನನ್ನು ಕೇಳಿದರು: “ಆರು ವಾರ ಓಡಾಡದ ಹಾಗೆ ಗೂಡಲ್ಲಿ ಇಟ್ಕೊಳ್ಳೋಕೆ ನಿಮ್ಮಲ್ಲಿ ಜಾಗ ಇದೆಯಾ?”