ಹಾಡು ಯಾರ ಹತ್ತಿರ ಇರಬೇಕು?



ಕಳೆದ ಭಾನುವಾರ ಕಲ್ಲೋಳಿಯ ನಮ್ಮ ಅಧ್ಯಯನ ಕೂಟದಲ್ಲಿ ಸುತ್ತ ಓದುವುದು ಮುಗಿದು ಚಹಾ ಕುಡಿಯುವಾಗ ಒಂದು ಮಾತು ಎದ್ದಿತು. ನನ್ನ ಮಗಳು ಧಾರವಾಡದಲ್ಲಿ ಓದುತ್ತಾಳೆ. ಹಾಡು ಕೇಳುವ ಆ್ಯಪಿಗೆ ತಿಂಗಳಿಗೆ 119 ರೂಪಾಯಿ ಕಟ್ಟುತ್ತಾಳೆ, ಅಂದರೆ ನಾನು ಕಟ್ಟುತ್ತೇನೆ. "ವರ್ಷಕ್ಕ 1,428 ರೂಪಾಯಿ ಆತು. ಹತ್ತು ವರ್ಷ ಕಟ್ಟಿ ಬಿಟ್ಟರ ಕೈಯಾಗ ಒಂದು ಹಾಡೂ ಉಳಿಯೂದಿಲ್ಲ" ಎಂದು ಗೊಣಗಿದೆ. ಒಬ್ಬ ಹಿರಿಯರು "ಜಾಹೀರಾತು ಬಂದರ ಬರಲಿ ಬಿಡ್ರಿ, ಪುಕ್ಕಟೆ ಕೇಳಬೇಕು" ಅಂದರು. ಇನ್ನೊಬ್ಬರು "ಹಾಡಿನ ಆಸೆನೂ ತೃಷ್ಣೆನ" ಅಂದರು. ಕೊನೆಗೆ ಇದರ ಮೇಲೆ ಚಿಂತನೆ ನೀವೇ ಬರೀರಿ ಎಂದು ನನಗೇ ಗಂಟು ಹಾಕಿದರು. ಬರೆಯಲು ಕೂತಾಗ ತಿಳಿಯಿತು, ಹಾಡಿನ ವಿಷಯದಲ್ಲಿ ಲೆಕ್ಕ ಕೇಳುವ ಯೋಗ್ಯತೆ ನನಗೆ ಕಡಿಮೆ. ಏಕೆಂದು ಮುಂದೆ ಹೇಳುತ್ತೇನೆ.

ಮೊದಲು ತೃಷ್ಣೆಯ ಮಾತು ಮುಗಿಸಿಬಿಡೋಣ. ಹಾಡು, ಕುಣಿತ, ವಾದ್ಯಗಳಿಂದ ದೂರ ಇರುವುದು ಉಪೋಸಥದ ದಿನದ ಅಷ್ಟಶೀಲದಲ್ಲಿದೆ, ನಾವು ದಿನಾಲೂ ಪಾಲಿಸುವ ಪಂಚಶೀಲದಲ್ಲಿ ಇಲ್ಲ. ದೀಘ ನಿಕಾಯದ ಸಕ್ಕಪಞ್ಹ ಸುತ್ತದಲ್ಲಿ ಪಂಚಶಿಖ ಎಂಬ ಗಂಧರ್ವ ಬುದ್ಧರ ಎದುರಿಗೇ ವೀಣೆ ಹಿಡಿದು ಹಾಡುತ್ತಾನೆ. ಅದೂ ಪ್ರೇಮದ ಹಾಡು! ತಂತಿಯ ನಾದವೂ ಕಂಠವೂ ಚೆನ್ನಾಗಿ ಕೂಡಿವೆ ಎಂದು ಬುದ್ಧರು ಮೆಚ್ಚುತ್ತಾರೆ. ನಮ್ಮ ಬಾಬಾಸಾಹೇಬರು ದೊಡ್ಡವರಾದ ಮೇಲೆ ಪಿಟೀಲು ಕಲಿಯಲು ಕೂತವರು. ಹಾಗಾಗಿ ಹಾಡು ಕೇಳುವುದು ತಪ್ಪೇ ಎನ್ನುವುದು ಪ್ರಶ್ನೆಯಲ್ಲ. ಕೇಳುವ ಹಾಡು ನಮ್ಮ ಕೈಗೆ ಹೇಗೆ ಬಂತು, ಯಾರ ಕೈಯಲ್ಲಿ ಉಳಿಯುತ್ತದೆ ಎನ್ನುವುದು ಪ್ರಶ್ನೆ.

ನಮ್ಮಪ್ಪನ ಹತ್ತಿರ ಒಂದು ತಗಡಿನ ಟ್ರಂಕ್ ಇತ್ತು. ಡಿಸೆಂಬರ್ 6ಕ್ಕೆ ಘಟಪ್ರಭಾ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಮಿರಜ್ ದಾಟಿ ಮುಂಬೈಗೆ ಹೋಗಿ, ಚೈತ್ಯಭೂಮಿಯ ಹೊರಗೆ ಹಾಸಿದ ಅಂಗಡಿಗಳಲ್ಲಿ ಒಂದು ಕ್ಯಾಲೆಂಡರ್, ಒಂದು ಪುಸ್ತಕ, ಎರಡು ಕ್ಯಾಸೆಟ್ ತರುತ್ತಿದ್ದ. ವಾಮನದಾದಾ ಕರ್ಡಕರು ಬರೆದ ಹಾಡುಗಳು, ಪ್ರಲ್ಹಾದ ಶಿಂದೆಯವರ ದನಿ. ಅವನಿಗೆ ಮರಾಠಿ ಅರ್ಧ ಬರುತ್ತಿತ್ತು, ಉಳಿದರ್ಧ ಹಾಡೇ ತಿಳಿಸುತ್ತಿತ್ತು. ಪ್ರತಿ ಕ್ಯಾಸೆಟ್ ಮೇಲೆ ಬಾಲ್‌ಪೆನ್ನಿನಲ್ಲಿ ತನ್ನ ಹೆಸರು ಬರೆಯುತ್ತಿದ್ದ. ಯಾರಿಗೂ ಕೊಡುತ್ತಿರಲಿಲ್ಲ. ಟೇಪು ಸಡಿಲಾದರೆ ಪೆನ್ಸಿಲ್ ತೂರಿಸಿ ತಾನೇ ಸುತ್ತುತ್ತಿದ್ದ.

ಅದನ್ನು ತೃಷ್ಣೆ ಎಂದು ಈಗ ಸುಲಭವಾಗಿ ಹೇಳಬಹುದು. ಆದರೆ ಅವನ ಹೆಸರಿನಲ್ಲಿ ಒಂದು ಗುಂಟೆ ಹೊಲವಿರಲಿಲ್ಲ. ಒಳ್ಳೆಯ ಪಾತ್ರೆ, ಒಳ್ಳೆಯ ಬಟ್ಟೆ ಇಟ್ಟುಕೊಂಡರೂ ಊರಿನ ಕಣ್ಣು ಕೆಂಪಾಗುತ್ತಿದ್ದ ಕಾಲವನ್ನು ಅವನ ಅಪ್ಪ ನೋಡಿದ್ದ. ಏನೂ ಇಲ್ಲದವನು ಒಂದು ವಸ್ತುವಿನ ಮೇಲೆ ತನ್ನ ಹೆಸರು ಬರೆದರೆ ಅವನಿಗೆ ಅಪರಿಗ್ರಹ ಬೋಧಿಸಲು ನನಗೆ ಬಾಯಿ ಬರುವುದಿಲ್ಲ. ಬಾಬಾಸಾಹೇಬರೂ ಪುಸ್ತಕವನ್ನು ಓದಿ ಹಿಂತಿರುಗಿಸಿ ಸುಮ್ಮನಾದವರಲ್ಲ, ಕೊಂಡು ಇಟ್ಟುಕೊಂಡವರು. 1917ರಲ್ಲಿ ವಿದೇಶದಿಂದ ಮರಳುವಾಗ ಅವರ ಪುಸ್ತಕಗಳಿದ್ದ ಹಡಗು ಯುದ್ಧದಲ್ಲಿ ಮುಳುಗಿ ಪುಸ್ತಕವೆಲ್ಲ ಸಮುದ್ರದ ಪಾಲಾದವು. ಅವರು ಮತ್ತೆ ಕೊಂಡರು. 1930ರ ದಶಕದಲ್ಲಿ ದಾದರಿನಲ್ಲಿ ರಾಜಗೃಹ ಕಟ್ಟಿಸಿದ್ದೇ ಬಹುಮಟ್ಟಿಗೆ ಆ ಪುಸ್ತಕಗಳಿಗಾಗಿ.

ಅಪ್ಪನ ಟ್ರಂಕನ್ನು ಹೋದ ಮಳೆಗಾಲದಲ್ಲಿ ತೆಗೆದೆ. ಟೇಪಿಗೆ ಬಿಳಿ ಬೂಷ್ಟು ಹಿಡಿದಿದೆ. ಪ್ಲೇಯರಿನ ಬೆಲ್ಟು ಕರಗಿ ಡಾಂಬರಿನಂತೆ ಅಂಟಿಕೊಂಡಿದೆ. ಹೆಸರು ಮಾತ್ರ ಅಳಿಸಿಲ್ಲ. ಒಡೆತನವೂ ಅನಿತ್ಯವೇ.

ಈಗ ನನ್ನ ಸರದಿ. 2009ರಿಂದ 2016ರವರೆಗೆ ನಾನು ಮೊಬೈಲ್ ಅಂಗಡಿ ಇಟ್ಟಿದ್ದೆ. ಕರೆನ್ಸಿ ಹಾಕುವುದಕ್ಕಿಂತ ಮೆಮೊರಿ ಕಾರ್ಡಿಗೆ ಹಾಡು ತುಂಬುವುದರಲ್ಲೇ ನನಗೆ ಹೆಚ್ಚು ದುಡ್ಡು. 2 ಜಿಬಿ ಕಾರ್ಡಿಗೆ ನಾಲ್ಕು ನೂರು ಹಾಡು ಹಿಡಿಯುತ್ತಿದ್ದವು. ಸಿನಿಮಾ, ಜಾನಪದ, ಭಜನೆ, ಭೀಮಗೀತೆ ಎಂದು ಕಂಪ್ಯೂಟರಿನಲ್ಲಿ ಫೋಲ್ಡರ್ ಮಾಡಿಟ್ಟಿದ್ದೆ. ಆ ಹಾಡುಗಳಲ್ಲಿ ಒಂದನ್ನೂ ನಾನು ಕೊಂಡಿರಲಿಲ್ಲ. ದೀಕ್ಷೆ ತೆಗೆದುಕೊಂಡಾಗಿತ್ತು. ಬೆಳಿಗ್ಗೆ ಎದ್ದು ಅದಿನ್ನಾದಾನದ ಶೀಲ, ಅಂದರೆ ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದಿಲ್ಲ ಎನ್ನುವ ಶೀಲ ಹೇಳಿ, ಹತ್ತು ಗಂಟೆಗೆ ಅಂಗಡಿ ಬಾಗಿಲು ತೆಗೆದು ಅದನ್ನೇ ಮಾರುತ್ತಿದ್ದೆ. ಎರಡಕ್ಕೂ ಸಂಬಂಧವಿದೆ ಎಂದು ಒಂದು ದಿನವೂ ಹೊಳೆಯಲಿಲ್ಲ.

ಒಂದು ಸಂಜೆ ಜಯಂತಿ ಹತ್ತಿರ ಬಂದಿತ್ತು, ಅಂಗಡಿಯಲ್ಲಿ ಭೀಮಗೀತೆ ಜೋರಾಗಿ ಹಾಕಿದ್ದೆ. ಪಕ್ಕದ ಹಳ್ಳಿಯ ಒಬ್ಬರು ಬಂದು ಹಾಡು ಮುಗಿಯುವವರೆಗೆ ನಿಂತು ಕೇಳಿ, "ಇದನ್ನ ನನ್ನ ಕಾರ್ಡಿಗೆ ಹಾಕಿ ಕೊಡ್ರಿ" ಅಂದರು. ಇಪ್ಪತ್ತು ರೂಪಾಯಿ ಅಂದೆ. ಕೊಟ್ಟು ಹೋದರು. ಅವರು ಹೋದ ಮೇಲೆ ಪಕ್ಕದಲ್ಲಿದ್ದವನು ಹೇಳಿದ: "ಹಾಡಿದವರು ಅವರ ಅದಾರಲ್ಲೋ."

ಓಡಿ ಹೋಗಿ ದುಡ್ಡು ಹಿಂದೆ ಕೊಡಬೇಕಿತ್ತು. ಹೋಗಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಡೇಟಾ ಪುಕ್ಕಟೆಯಾಯಿತು, ನನ್ನ ಧಂದೆ ತಾನಾಗಿಯೇ ನಿಂತಿತು. ಶೀಲದಿಂದ ನಿಲ್ಲಿಸಿದೆ ಎಂದು ಹೇಳಿಕೊಳ್ಳುವಂತಿಲ್ಲ.

ಅಂಗುತ್ತರ ನಿಕಾಯದಲ್ಲಿ ಬುದ್ಧರು ಅನಾಥಪಿಂಡಿಕನಿಗೆ ಗೃಹಸ್ಥರ ನಾಲ್ಕು ಸುಖ ಹೇಳುತ್ತಾರೆ. ಧರ್ಮದಿಂದ ಗಳಿಸಿದ್ದು ನನ್ನ ಹತ್ತಿರ ಇದೆ ಎನ್ನುವ ಅತ್ಥಿಸುಖ, ಅದನ್ನು ಉಣ್ಣುವ ಭೋಗಸುಖ, ಯಾರಿಗೂ ಸಾಲಗಾರನಲ್ಲ ಎನ್ನುವ ಅನಣಸುಖ, ನನ್ನ ನಡೆಯಲ್ಲಿ ದೋಷವಿಲ್ಲ ಎನ್ನುವ ಅನವಜ್ಜಸುಖ. ಮೊದಲಿನ ಮೂರು ಸೇರಿದರೂ ಕೊನೆಯದರ ಹದಿನಾರನೇ ಒಂದು ಪಾಲಿಗೂ ಸಮವಲ್ಲ ಎನ್ನುತ್ತಾರೆ. ಭಾನುವಾರ ನಾವು ಜಗಳ ಆಡಿದ್ದು ಮೊದಲಿನ ಎರಡರ ಬಗ್ಗೆ ಮಾತ್ರ. ಅಪ್ಪನದು ಅತ್ಥಿಸುಖ, ಮಗಳದು ಭೋಗಸುಖ. ಕೊನೆಯ ಎರಡರ ಮಾತೇ ಬರಲಿಲ್ಲ. ನಾವು ಹಾಡಿದವರ ಸಾಲಗಾರರೋ ಅಲ್ಲವೋ?

ಮಗಳ 119 ರೂಪಾಯಿ ಆ ಸಾಲ ತೀರಿಸುತ್ತದೆಯೇ ಎಂದು ಸ್ವಲ್ಪ ಹುಡುಕಿ ಓದಿದೆ. ಅವಳು ತಿಂಗಳೆಲ್ಲ ಒಬ್ಬ ಹಾಡುಗಾರನನ್ನೇ ಕೇಳಿದರೂ ಅವಳ ದುಡ್ಡು ಅವನಿಗೆ ಹೋಗುವುದಿಲ್ಲ. ಎಲ್ಲರ ದುಡ್ಡೂ ಒಂದೇ ಹಗೇವಿಗೆ ಬೀಳುತ್ತದೆ. ಕಂಪನಿ ತನ್ನ ಪಾಲು ತೆಗೆದುಕೊಂಡ ಮೇಲೆ, ಒಟ್ಟು ಕೇಳಿದ ಹಾಡುಗಳಲ್ಲಿ ಯಾರದು ಎಷ್ಟು ಎಂದು ಎಣಿಸಿ ಹಂಚುತ್ತಾರೆ. ಅದೂ ಹೆಚ್ಚಾಗಿ ಹಕ್ಕು ಹೊಂದಿದ ಕ್ಯಾಸೆಟ್ ಕಂಪನಿಗೆ, ಅಲ್ಲಿಂದ ಮುಂದೆ ಹಾಡುಗಾರನಿಗೆ. ದೊಡ್ಡ ಸಿನಿಮಾ ಹಾಡಿನ ರಾಶಿ ಇನ್ನೂ ದೊಡ್ಡದಾಗುತ್ತದೆ. 2024ರಿಂದ ಸ್ಪಾಟಿಫೈನಲ್ಲಿ, ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲವೂ ಕೇಳದ ಹಾಡಿಗೆ ಏನೂ ಲೆಕ್ಕ ಹಚ್ಚುವುದಿಲ್ಲ. ನಮ್ಮ ಮುದಲಗಿ, ಗೋಕಾಕ ಕಡೆಯ ಓಣಿಗಳಲ್ಲಿ ಹಾಡುವವರ ಎಷ್ಟು ಹಾಡು ಸಾವಿರ ದಾಟೀತು? ಆದರೂ ಪುಕ್ಕಟೆ ಕೇಳುವುದಕ್ಕಿಂತ ದುಡ್ಡು ಕಟ್ಟಿ ಕೇಳುವುದು ಮೇಲು ಎಂದೇ ನನಗೆ ಅನ್ನಿಸಿದೆ. ಜಾಹೀರಾತಿನಿಂದ ಹಗೇವಿಗೆ ಬೀಳುವುದು ಇನ್ನೂ ಕಡಿಮೆ. ಸಿಗಾಲೋವಾದ ಸುತ್ತದಲ್ಲಿ ಗಳಿಕೆಯ ನಾಲ್ಕರಲ್ಲಿ ಒಂದು ಪಾಲು ಅನುಭವಿಸಲಿಕ್ಕೇ ಇದೆ. ಮಗಳ ಹಾಡು ಆ ಪಾಲಿನಲ್ಲಿ ಬರಲಿ.

ಆದರೆ ನಾವು ಕಟ್ಟುವುದು ಮನೆಯ ಬೆಲೆಯಲ್ಲ, ಬಾಡಿಗೆ. ರೆಸ್ಸೊ ಎಂಬ ಆ್ಯಪ್ 2024ರ ಜನವರಿ 31ಕ್ಕೆ ಭಾರತದಲ್ಲಿ ಮುಚ್ಚಿತು. ಅದೇ ವರ್ಷ ವಿಂಕ್ ಕೂಡ ಮುಚ್ಚಿತು. ಫೋನಿಗೆ ಡೌನ್‌ಲೋಡ್ ಮಾಡಿಕೊಂಡ ಹಾಡೂ ಆ್ಯಪಿನ ಬೀಗದೊಳಗೇ ಇರುತ್ತದೆ, ಬಾಡಿಗೆ ನಿಂತರೆ ಬೀಗ ತೆರೆಯುವುದಿಲ್ಲ.

ಇದನ್ನು ಓದುವಾಗ ನನಗೆ ಅಜ್ಜಿ ನೆನಪಾದಳು. ಬಾವಿಯ ಕಟ್ಟೆಯ ಆಚೆ ಕೊಡ ಇಟ್ಟು, ಯಾರಾದರೂ ಮೇಲಿನಿಂದ ನೀರು ಸುರಿಯಲಿ ಎಂದು ಕಾಯುತ್ತಿದ್ದಳಂತೆ. ಹಾಡಿಗೂ ಹಾಗೇ ಕಾಯುತ್ತಿದ್ದೇವಲ್ಲ ಎಂದು ಬರೆದೆ, ಆಮೇಲೆ ಹೊಡೆದು ಹಾಕಿದೆ. ಅವಳಿಗೆ ಆಗಿದ್ದು ಅವಮಾನ, ಇದು ವ್ಯಾಪಾರ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಅವಳ ನೋವನ್ನು ಅಗ್ಗ ಮಾಡಿದಂತೆ. ಆದರೂ ಅದರಿಂದ ಒಂದು ಮಾತು ಹೊಳೆಯಿತು. 1927ರ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರು ಚವದಾರ್ ಕೆರೆಯ ನೀರು ಮುಟ್ಟಿದಾಗ ಕೆರೆ ನಮ್ಮದಾಗಲಿ ಎಂದು ಕೇಳಲಿಲ್ಲ. ನಾವು ಅಲ್ಲಿಗೆ ಹೋಗುವುದನ್ನು ಯಾರೂ ತಡೆಯಬಾರದು ಎಂದು ಕೇಳಿದರು. ಎಲ್ಲ ಹಾಡನ್ನೂ ನಾವು ಹೊಂದಬೇಕಾಗಿಲ್ಲ. ಆದರೆ ನಮ್ಮನ್ನು ನಿಲ್ಲಿಸಿದ ಹಾಡುಗಳಿವೆಯಲ್ಲ, ಅವುಗಳ ಕೀಲಿಯನ್ನು ದೂರದ ಒಂದು ಕಂಪನಿಯ ಕೈಯಲ್ಲಿ ಬಿಟ್ಟು ನಿಶ್ಚಿಂತೆಯಿಂದ ಇರಲು ನನಗಾಗುವುದಿಲ್ಲ.

ಧಮ್ಮವೇ ಹಾಗೆ ಉಳಿದದ್ದು. ಬುದ್ಧರ ಪರಿನಿಬ್ಬಾಣದ ನಂತರ ನೂರಾರು ವರ್ಷ ಅದು ಯಾವ ಗ್ರಂಥದಲ್ಲೂ ಇರಲಿಲ್ಲ, ಭಾಣಕರ ನಾಲಗೆಯ ಮೇಲಿತ್ತು. ಯಾರ ಸ್ವತ್ತೂ ಅಲ್ಲ, ಯಾರಿಗೂ ಬಾಡಿಗೆಯಿಲ್ಲ. ಸಿಂಹಳದಲ್ಲಿ ಯುದ್ಧ, ಬರ ಬಂದು ಭಿಕ್ಖುಗಳು ಸಾಯತೊಡಗಿದಾಗ ನಾಲಗೆಯೊಂದೇ ಸಾಲದು ಎಂದು ತಿಳಿಯಿತು. ವಟ್ಟಗಾಮಣಿ ರಾಜನ ಕಾಲದಲ್ಲಿ, ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ, ಆಲುವಿಹಾರದಲ್ಲಿ ಅದನ್ನು ತಾಳೆಗರಿಗೆ ಇಳಿಸಿದರು. ಅಟ್ಟಕಥೆಯಲ್ಲಿ ಆ ಬರಗಾಲದ್ದೇ ಒಂದು ಪ್ರಸಂಗವಿದೆ. ಮಹಾನಿದ್ದೇಸ ಎಂಬ ಗ್ರಂಥ ಒಬ್ಬನೇ ಒಬ್ಬ ಭಿಕ್ಖುವಿಗೆ ಬಾಯಿಪಾಠವಿತ್ತು, ಆತನ ಶೀಲ ಕೆಟ್ಟಿತ್ತು. ಹಿರಿಯರೊಬ್ಬರು ಮುಖ ಸಿಂಡರಿಸಿಕೊಂಡೇ ಆತನ ಹತ್ತಿರ ಕೂತು ಕಲಿತರು. ಇಲ್ಲದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು.

ಈ ಪ್ರಸಂಗ ಓದಿದ ಮರುದಿನ ನಾನು ಆ ಹಾಡುಗಾರರ ಊರಿಗೆ ಹೋದೆ. ಈಗ ಅವರಿಗೆ ಎಪ್ಪತ್ತು ದಾಟಿದೆ. ಮೆಮೊರಿ ಕಾರ್ಡಿನ ಕಥೆ ಹೇಳಿದೆ. ಅವರಿಗೆ ನೆನಪೇ ಇರಲಿಲ್ಲ. ಆ ಹಾಡುಗಳಿಗೆ ಒಂದೇ ಸಲ ದುಡ್ಡು ಕೊಟ್ಟು ರೆಕಾರ್ಡ್ ಮಾಡಿಸಿಕೊಂಡಿದ್ದರಂತೆ, ಆಮೇಲೆ ಏನೂ ಬರಲಿಲ್ಲವಂತೆ. "ಹೋಗಲಿ ಬಿಡ್ರಿ. ನಿಮ್ಮ ಕಡೆ ಆ ಹಾಡು ಅದಾವೇನು?" ಎಂದು ಕೇಳಿದರು. ಅವರ ಹತ್ತಿರ ಒಂದೂ ಉಳಿದಿಲ್ಲ. ಕ್ಯಾಸೆಟ್ ಯಾರೋ ಒಯ್ದರು, ಫೋನ್ ಕೆಟ್ಟಿತು. ಆ್ಯಪುಗಳಲ್ಲಿ ಅವರ ಹೆಸರು ಹಾಕಿ ಅಲ್ಲೇ ಕೂತು ಹುಡುಕಿದೆ, ಸಿಗಲಿಲ್ಲ. ಎರಡು ಹಾಡಿನ ನಡುವಿನ ನುಡಿಗಳು ಅವರಿಗೇ ಮರೆತುಹೋಗಿವೆ.

ಮನೆಗೆ ಬಂದು ಅಟ್ಟದ ಮೇಲಿನ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬಿಚ್ಚಿಸಿ ನೋಡಿದೆ. ಭೀಮಗೀತೆಯ ಫೋಲ್ಡರಿನಲ್ಲಿ ಅವರ ಏಳು ಹಾಡು ಇವೆ.

ಕದ್ದದ್ದು ಒಳ್ಳೆಯದೇ ಆಯಿತಲ್ಲ ಎಂದು ಹೆಂಡತಿ ಅಂದಳು. ಹಾಗೆ ಅಂದುಕೊಳ್ಳಲು ನನಗೂ ಆಸೆಯಿದೆ. ಆದರೆ ಅವರನ್ನು ಒಂದು ಮಾತು ಕೇಳಿ, ನಾಲ್ಕು ದುಡ್ಡು ಕೊಟ್ಟು ಇಟ್ಟುಕೊಂಡಿದ್ದರೂ ಹಾಡು ಇಷ್ಟೇ ಭದ್ರವಾಗಿ ಉಳಿಯುತ್ತಿತ್ತು. ಉಳಿಸಿದ್ದು ಪ್ರತಿ ಮಾಡಿಟ್ಟದ್ದು, ಕಳ್ಳತನವಲ್ಲ.

ಏಳೂ ಹಾಡನ್ನು ಪೆನ್ ಡ್ರೈವಿನಲ್ಲಿ ಅವರಿಗೆ ಕೊಟ್ಟು ಬಂದಿದ್ದೇನೆ. ಅವರು ಮರೆತ ನುಡಿಗಳನ್ನು ಕೇಳಿ ಬರೆದುಕೊಳ್ಳುವ ಕೆಲಸ ಮಗಳು ವಹಿಸಿಕೊಂಡಿದ್ದಾಳೆ. ಅವಳ ಈ ತಿಂಗಳ ಆ್ಯಪಿನ ಬಾಡಿಗೆಯನ್ನೂ ಕಟ್ಟಿದೆ. ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ಆ ಹಿರಿಯರು ನಮ್ಮ ಕೂಟಕ್ಕೆ ಬಂದು ಹಾಡುತ್ತಾರೆ. ಅವರು ಒಪ್ಪಿದರೆ ಕೂತಲ್ಲೇ ರೆಕಾರ್ಡ್ ಮಾಡೋಣ. ಪ್ರತಿ ಬೇಕಾದವರು ಅವರ ಕೈಗೇ ದುಡ್ಡು ಕೊಡಬೇಕು. ಎಷ್ಟು ಎನ್ನುವುದನ್ನು ಅವರೇ ಹೇಳಲಿ. ದಯವಿಟ್ಟು ಅದನ್ನು ಬೇರೆ ಗುಂಪುಗಳಿಗೆ ಫಾರ್ವರ್ಡ್ ಮಾಡುವ ಮುಂಚೆ ಅವರನ್ನು ಒಮ್ಮೆ ಕೇಳಿ. ಈ ಬರಹವನ್ನು ಬೇಕಾದರೆ ಕೇಳದೆಯೂ ಕಳಿಸಬಹುದು.

ಜೈಭೀಮ್.