ತಗಡು ಬದಲಾದರೂ ಅದೇ ಕಾರೇ?

ಉಡುಪಿಯ ಬನ್ನಂಜೆಯ ಉಪ್ಪುಗಾಳಿಗೆ ಹಳೇ ಕಾರಿನ ತಗಡು ಉಳಿಯುವುದು ಕಷ್ಟ. ಉದಾಹರಣೆಗೆ, ಮೋರಿಸ್ ಮೈನರ್ 1948ರಲ್ಲಿ ಬಂದ ಪುಟ್ಟ ಕಾರು. ಅದಕ್ಕೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಅಸ್ಥಿಪಂಜರ. ತುಕ್ಕು ಹಿಡಿದ ತಳ ಕತ್ತರಿಸಿ ಹೊಸ ತಗಡು ಬೆಸೆದು, ಪಿಸ್ಟನ್ ಬದಲಿಸಿದ ಮೇಲೂ ಅದು ಅದೇ ಕಾರೇ? ಗಾಲಿ, ಅಚ್ಚು, ನೊಗ ಬಿಟ್ಟರೆ ರಥವೆಂಬುದು ಬರೀ ಹೆಸರು ಎಂದು ಮಿಲಿಂದ ರಾಜನಿಗೆ ಭಿಕ್ಷು ನಾಗಸೇನ ವಾದಿಸಿದ. ಮಧ್ವರ ಉಡುಪಿಯಲ್ಲಿ ಈ ಮಾತು ಅಷ್ಟು ಸಲೀಸಾಗಿ ನಡೆಯದು. ಒಂದು ಜಡವಸ್ತುವಿಗೂ ಇನ್ನೊಂದಕ್ಕೂ ಇರುವ ಭೇದವೂ ಸತ್ಯವೆಂದವರು ಅವರು. ಹಾಗಾದರೆ ಹೊಸ ತಗಡು ಹಳೆಯದಲ್ಲ ಎಂದು ಒಪ್ಪಲೇಬೇಕಲ್ಲ? ಒಪ್ಪೋಣ. ಆದರೆ ಅದು ಉಳಿದ ಹಳೆಯ ಅಂಚಿಗೇ ಹೊಂದಿಕೊಂಡು ಕೂರಬೇಕು. ಆ ಹೊಂದಿಕೆ ಬರೀ ಹೆಸರಲ್ಲ. ಹಳೇ ಕಾರನ್ನು ಹೀಗೆ ಉಳಿಸಿಕೊಳ್ಳುವುದೇ ಮೋಹ, ಕೂಡಿಡಬಾರದೆಂಬ ಅಪರಿಗ್ರಹಕ್ಕೆ ವಿರುದ್ಧ ಎನ್ನುವವರಿದ್ದಾರೆ. ಶೆಡ್ಡಿಗೆ ಬೀಗ ಜಡಿದು ಕೂಡಿಟ್ಟವನಿಗೆ ಆ ಮಾತು ಸರಿಯೇ. ಆದರೆ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಹಳೆಯ ಕಾರುಗಳನ್ನು ಯಾರು ಬೇಕಾದರೂ ನೋಡಬಹುದು. ಇನ್ನು ಮೊದಲ ಪ್ರಶ್ನೆಗೆ ಉತ್ತರ: ಮೂಲ ಬಾಡಿ ಇರುವಷ್ಟು ಕಾಲ ಅದೇ ಕಾರು. ಅದೂ ಹೋದ ಮೇಲೆ ಹಳೆಯದೆಂದು ಮಾರಿದರೆ, ಅದು ಸುಳ್ಳು.